ಪರದೆಯ ಹಿಂದಿನ ಎಡಗೈ ವೀರ

ಟಿಕೋಟಾದ ಒಣದ್ರಾಕ್ಷಿ ಶೆಡ್‌ಗಳ ವಾಸನೆ ಬಂದರೆ ನನಗೆ ಕತ್ತಿವರಸೆಯ ಒಂದು ಹಳೇ ಸಿನಿಮಾ ನೆನಪಾಗುತ್ತದೆ. ಆ ಶೆಡ್‌ಗಳ ಪಕ್ಕದ ಬಯಲಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದ್ದರು. ಗಂಡಸರು ಮುಂದೆ, ಹೆಂಗಸರು ಪರದೆಯ ಹಿಂದೆ. ನಾನು ದ್ರಾಕ್ಷಿ ಮೆಲ್ಲುತ್ತ ಅವ್ವನ ಮಡಿಲಲ್ಲಿ. ನಗುನಗುತ್ತಲೇ ಮೆಟ್ಟಿಲ ಮೇಲೆ ಕಾದಾಡುವ ನಾಯಕನ ಕತ್ತಿ ಎಡಗೈಯಲ್ಲಿತ್ತು. ಎಡಗೈಯಲ್ಲಿ ಬಡಿಸುತ್ತಾಳೆಂದು ದಿನಾ ಬೈಸಿಕೊಳ್ಳುತ್ತಿದ್ದ ಅವ್ವ ಅಜ್ಜಿಯನ್ನು ತಿವಿದು, “ನೋಡ್ರಿ ಅತ್ತಿ, ಅಂವನೂ ಎಡಚ!” ಎಂದಿದ್ದಳು. ಮುಂದೆ ಕೂತಿದ್ದ ಅಪ್ಪ ಮಾತ್ರ ಆಮೇಲೆ ಮನೆಯಲ್ಲಿ ಬಲಗೈ ಎಂದೇ ವಾದಿಸುತ್ತಿದ್ದ. ಯಾರದು ಸರಿ?

ಯಾರೂ ಕೊಂಡಾಡದ ಆ ಚೆಂದದ ಸಿನಿಮಾ ನಿನ್ನೆ ಫೋನಿನಲ್ಲಿ ಸಿಕ್ಕಿತು. ಕತ್ತಿ ಬಲಗೈಯಲ್ಲೇ ಇದೆ! ಪರದೆಯ ಹಿಂದೆ ಕೂತ ನಮಗೆ ಎಡಬಲ ಅದಲುಬದಲಾಗಿತ್ತು. ಅವ್ವನಿಗೆ ತೋರಿಸಿದೆ. ಎಡಗೈಯಲ್ಲಿ ಫೋನು ಹಿಡಿದು ನೋಡಿದಳು.

“ಇಂವ ಬ್ಯಾರೆ ಯಾರೋ ಅದಾನ. ನಮ್ಮಂವನ ಮುಂದ ಇಂವ ನಿಲ್ಲಂಗಿಲ್ಲ ತಗೋ.”