ಬೆಸುಗೆಯ ಮೇಲಿನ ಕಣ್ಣು

ರೈಲು ಹಳಿ ಬೆಸೆಯುವ ಆ ಮನುಷ್ಯನಿಗೆ ಹೆಂಡತಿ ಮಕ್ಕಳಿಲ್ಲ. ಒಂದು ಕೋಣೆ, ಒಂದು ಸ್ಟೌ, ಮುಖ ಕಂಡರೂ ಮಾತಾಡದ ನೆರೆಯವರು. ತನ್ನವರು ಅಂತ ಇದ್ದವಳು ಅಕ್ಕ ಒಬ್ಬಳೇ. ತಾಯಿ ಹೋದಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು.

ಅವನ ಕೆಲಸವೋ, ಜಗಳ ಹಚ್ಚಿ ಕಬ್ಬಿಣ ಗಿಟ್ಟಿಸುವ ಕೆಲಸ. ಕಬ್ಬಿಣದ ತುಕ್ಕಿನ ಪುಡಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ ಕಿಚ್ಚು ಮುಟ್ಟಿಸಿದರೆ ಸಾಕು, ಆಮ್ಲಜನಕಕ್ಕೆ ಬಾಯಿ ಬಿಡುವ ಅಲ್ಯೂಮಿನಿಯಂ ಅದನ್ನು ಕಬ್ಬಿಣದ ಕೈಯಿಂದ ಕಿತ್ತುಕೊಳ್ಳುತ್ತದೆ. ಬರಿಗೈಯಾದ ಕಬ್ಬಿಣ ಕರಗಿ ನೀರಾಗಿ ಇಳಿದು ಎರಡು ಹಳಿಗಳ ನಡುವಿನ ಸಂದು ತುಂಬುತ್ತದೆ. ತಾಮ್ರದ ಪುಡಿ ಹಾಕಿದರೆ ಏನೂ ಆಗದು; ಕಬ್ಬಿಣದಿಂದ ಕಿತ್ತುಕೊಳ್ಳುವ ತಾಕತ್ತು ಅದಕ್ಕಿಲ್ಲ. ಚಿನ್ನವಂತೂ ಆಮ್ಲಜನಕದ ಗೊಡವೆಗೇ ಹೋಗುವುದಿಲ್ಲ. ಇದನ್ನೆಲ್ಲ ಕೇಳಿದ ಅಕ್ಕ, “ಹಾಗಾದ್ರೆ ನೀನೂ ಚಿನ್ನದ ಪೈಕೀನೇ ಕಣೋ, ಯಾರ ಜೊತೇನೂ ಸೇರಲ್ಲ” ಎಂದು ನಕ್ಕಿದ್ದಳು.

ಈಗ ಆ ಅಕ್ಕ, ಕಣ್ಣು ಮಂಜಾಗಿ, ದೂರದೂರಿನ ಮಗಳ ಮನೆಗೆ, ಇನ್ನು ಅಲ್ಲೇ ಇರಲೆಂದು ಹೊರಟಿದ್ದಳು. ಬೀಳ್ಕೊಡಲು ರಜೆ ಕೇಳಿದ. ಹಳಿ ಬಿರುಕು ಬಿಟ್ಟಿದೆ, ರಜೆ ಇಲ್ಲ ಅಂದರು. ಅದೇ ಹಳಿಯ ಮೇಲೆ ಮೊದಲು ಬರಬೇಕಿದ್ದದ್ದು ಅವಳ ರೈಲು. ಹೊಸ ಬೆಸುಗೆಯ ಮೇಲೆ ಮೊದಲ ಗಾಡಿ ಆಮೆನಡಿಗೆಯಲ್ಲಿ ಹೋಗುತ್ತದೆ, ಕಿಟಕಿ ಪಕ್ಕ ಕೂತಿರು, ಕೈ ಬೀಸುತ್ತೇನೆ ಎಂದು ಫೋನಿನಲ್ಲಿ ಹೇಳಿದ. ನಿನ್ನ ಮುಖ ಒಮ್ಮೆ ನೋಡಿಬಿಟ್ಟರೆ ಸಾಕು ಅಂದಳು ಅಕ್ಕ.

ಬೆಸುಗೆ ತಣಿಯಿತು. ಸಂದಿನ ಸುತ್ತ ಕಟ್ಟಿದ್ದ ಮರಳಿನ ಅಚ್ಚು ಒಡೆದ, ಉಜ್ಜಿ ನುಣುಪು ಮಾಡಿದ. ರೈಲು ಬಂತು. ಮೊದಲ ಗಾಡಿ ದಾಟಿ ಮುಗಿಯುವವರೆಗೆ ಬೆಸೆದವನ ಕಣ್ಣು ಬೆಸುಗೆಯ ಮೇಲೇ ಇರಬೇಕು, ಅದು ಅವರ ಕಟ್ಟಳೆ. ಒಂದೇ ಒಂದು ಸಲ ತಲೆ ಎತ್ತಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಆ ಗಾಡಿಯೊಳಗೆ ಅಕ್ಕ ಇದ್ದಳು. ಒಂದೊಂದು ಚಕ್ರ ದಾಟುವಾಗಲೂ ಜೀವ ಬಾಯಿಗೆ ಬರುತ್ತಿತ್ತು. ಕುಕ್ಕರಗಾಲಲ್ಲಿ ಕೂತವನಿಗೆ ಕಣ್ಣು ಕೀಳಲಾಗಲೇ ಇಲ್ಲ. ತಲೆ ಎತ್ತಿದಾಗ ಕೊನೆಯ ಬೋಗಿಯ ಬೆನ್ನು ಕಂಡಿತು. ಪಕ್ಕದಲ್ಲಿ ಬಾವುಟ ಹಿಡಿದು ನಿಂತಿದ್ದ ಡೊಳ್ಳುಹೊಟ್ಟೆಯ ಮೇಸ್ತ್ರಿ ಇನ್ನೂ ಕೈ ಬೀಸುತ್ತಿದ್ದ. ಯಾವುದೋ ಅಜ್ಜಿ ಕೈ ಆಡಿಸಿದರು, ನಾನೂ ಆಡಿಸಿದೆ ಅಂದ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು.

“ನೋಡ್ದೆ ಕಣೋ ನಿನ್ನ. ಒಳ್ಳೆ ಮೈಕೈ ತುಂಬ್ಕೊಂಡಿದೀಯ. ಸರಿಯಾಗಿ ಊಟ ಮಾಡ್ತೀಯೋ ಇಲ್ವೋ ಅನ್ನೋದೇ ನಂಗೆ ಚಿಂತೆ ಆಗಿತ್ತು, ಈಗ ನೆಮ್ಮದಿ ಆಯ್ತು.”

ಅವನು ಬಾವುಟ ಮಡಚುತ್ತಿದ್ದ ಮೇಸ್ತ್ರಿಯ ಕಡೆ ನೋಡಿದ.

“ಹೂಂ ಅಕ್ಕ,” ಅಂದ. “ನಾನೂ ನೋಡ್ದೆ ನಿನ್ನ.”