ನೀರುಗಂಟಿ ಎತ್ತಿದ ಕೈ

ರಾಮಾಂಜಿನಯ್ಯ ಯಾರನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ಅದಕ್ಕೆ ಅವನ ಕೆಲಸವೂ ಕಾರಣವಿರಬೇಕು. ಬೆಳ್ಳಾವಿ ಬಿಟ್ಟು ತುಮಕೂರಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದಲೂ ಅವನು ನೀರುಗಂಟಿ. ಏರಿನ ಮೇಲಿರುವ ಬಡಾವಣೆಯೊಂದರ ಮೂರು ಬೀದಿಗಳಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬಿಡುವವನು. ಬೆಳಗಿನ ಐದು ಗಂಟೆಗೆ ಎದೆಯೆತ್ತರದ ಕಬ್ಬಿಣದ ಕೀಯನ್ನು ಹೆಗಲಿಗೇರಿಸಿ ಹೊರಟರೆ, ಮೋರಿ ಪಕ್ಕ, ಕಂಬದ ಬುಡ ಎಂದು ಅಲ್ಲಲ್ಲಿ ಗುಂಡಿಯೊಳಗೆ ಕುಳಿತಿರುವ ವಾಲ್ವುಗಳನ್ನು ಒಂದೊಂದಾಗಿ ತಿರುವುತ್ತಾ ಹೋಗುತ್ತಾನೆ. ತಿರುವಿದ ಮೇಲೆ ಕೀಯ ತುದಿಗೆ ಕಿವಿ ಇಡುತ್ತಾನೆ. ನೆಲದೊಳಗೆ ಮೊದಲು ಗಾಳಿ ಉಸಿರು ಬಿಡುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಸೀರೆ ಮಡಿಸಿದ ಹಾಗೆ ಸರಬರ ಸದ್ದು. ಆಮೇಲೆ ನೀರು.

ನೀರು ಬಂದ ಮೇಲೂ ಅವನನ್ನು ಯಾರೂ ನಂಬುವುದಿಲ್ಲ. ಅವನು ನಡುಬೀದಿಗೆ ಹತ್ತು ನಿಮಿಷ ಜಾಸ್ತಿ ಬಿಟ್ಟನೆಂದು ಕೆಳಗಿನ ಬೀದಿಯವರಿಗೆ ಗುಮಾನಿ. ಕೆಳಗಿನವರಿಗೆ ಬಿಟ್ಟನೆಂದು ನಡುಬೀದಿಯವರಿಗೆ. ಮೇಲಿನ ಬೀದಿಯಲ್ಲಂತೂ ಎರಡು ವರ್ಷದಿಂದ ನಲ್ಲಿ ಕಿರುಬೆರಳಷ್ಟೇ ಸುರಿಯುತ್ತಿತ್ತು.

"ಏನ್ ರಾಮಾಂಜಣ್ಣ, ಕೆಳಗಡೆಯೋರು ಕಾಫಿ ಕೊಡ್ತಾರಂತೆ. ನಾವು ಊಟನೇ ಹಾಕ್ತೀವಿ, ವಸಿ ನೀರು ಬುಡಪ್ಪ," ಎಂದು ಅಲ್ಲಿನ ಹೆಂಗಸರು ಕೊಂಕು ತೆಗೆಯುತ್ತಿದ್ದರು.

"ಪ್ರೆಶರ್ ಕಮ್ಮಿ ಕಣ್ರಮ್ಮ," ಎಂದು ಅವನು ಮುಖ ತಿರುಗಿಸಿ ನಡೆಯುತ್ತಿದ್ದ.

ಎಲ್ಲರ ಗುಮಾನಿಯನ್ನೂ ಹೊತ್ತು ತಿರುಗುವವನು ತಾನೂ ಒಂದಿಷ್ಟನ್ನು ಸಾಕಿಕೊಳ್ಳದೆ ಇರುತ್ತಾನೆಯೇ? ಸೋಮವಾರ ಪಾಲಿಕೆಯ ಕಚೇರಿಯಲ್ಲಿ ಜೂನಿಯರ್ ಎಂಜಿನಿಯರ್ ವಾದಿರಾಜ ದೊಡ್ಡದೊಂದು ಕಾಗದವನ್ನು ಅವನ ಮುಂದೆ ಹರಡಿ, "ನಿಮ್ಮ ಬೀದಿಗಳಲ್ಲಿ ವಾಲ್ವ್ ಎಲ್ಲೆಲ್ಲಿದೆ, ಗುರುತು ಹಾಕ್ಕೊಂಡು ಬನ್ನಿ. ಒಂದೂ ಬಿಡಬೇಡಿ. ಕೌನ್ಸಿಲ್ ಮೀಟಿಂಗಿಗೆ ಬೇಕು," ಎಂದಾಗಲೇ ಅವನ ಕಿವಿ ನಿಮಿರಿತು. ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಈಗ ಕೇಳುತ್ತಿದ್ದಾರೆ.

ಸಂಜೆಯ ಹೊತ್ತಿಗೆ ಉಳಿದ ಸುದ್ದಿಯೂ ಬಂತು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಹನ್ನೊಂದನೆಯದು: ನೀರು ಬಿಡುವ ಕೆಲಸವನ್ನು ಹೊರಗಿನ ಏಜೆನ್ಸಿಯೊಂದಕ್ಕೆ ವಹಿಸುವ ಬಗ್ಗೆ. ಮೋಟಾರು ಕೂರಿಸಿದ ವಾಲ್ವುಗಳಂತೆ, ಕಚೇರಿಯಲ್ಲಿ ಕುಳಿತು ಫೋನಿನಲ್ಲೇ ತಿರುವಬಹುದಂತೆ. ನೀರುಗಂಟಿಗಳ ಮಾತೇ ಅದರಲ್ಲಿರಲಿಲ್ಲ. ರಾಮಾಂಜಿನಯ್ಯ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ. ಮೊದಲು ನಕ್ಷೆ, ಆಮೇಲೆ ಏಜೆನ್ಸಿ. ಹತ್ತಿದ ಏಣಿಯನ್ನು ಒದೆಯುವುದು ಅಂದರೆ ಇದೇ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬೇರೆ ಯಾವ ಕೆಲಸಕ್ಕೆ ಹೋಗುವುದು?

ಕೆಳಗಿನ ಎರಡು ಬೀದಿಗಳ ಕಾರ್ಪೊರೇಟರ್ ಮೋಹನ್‌ಕುಮಾರ್ ಮನೆಗೆ ಹೋದ. ಮೋಹನ್‌ಕುಮಾರ್ ಬೈಕ್ ಹತ್ತುತ್ತಿದ್ದವನು ಹೆಲ್ಮೆಟ್ ತೆಗೆಯದೆಯೇ, "ನಿನ್ ವಿಷ್ಯ ಬಂದಾಗ ನಾನು ಕೈ ಎತ್ತೀನಿ, ಹೋಗಯ್ಯ," ಎಂದ.

ಅರ್ಧ ದಾರಿಯವರೆಗೆ ಆ ಮಾತು ಸಿಹಿಯಾಗಿಯೇ ಇತ್ತು. ಆಮೇಲೆ ಕಚ್ಚತೊಡಗಿತು.

"ಕೈ ಎತ್ತೀನಿ ಅಂದ ಕಣೇ," ಎಂದ ಹೆಂಡತಿ ಹೊಂಬಾಳಮ್ಮನ ಹತ್ತಿರ.

"ಒಳ್ಳೇದೇ ಆಯ್ತಲ್ಲ."

"ಹೆಂಗೆ ಎತ್ತೀನಿ ಅಂತ ಹೇಳ್ಲಿಲ್ವಲ್ಲ. ಒಂದು ಕೈ ಎತ್ತಿದ್ರೆ ಓಟು. ಎರಡೂ ಎತ್ಬುಟ್ರೆ?"

"ಎರಡೂ ಎತ್ತಿದ್ರೆ ಗೋವಿಂದ," ಎಂದಳು ಹೊಂಬಾಳಮ್ಮ, ಅವರೆಕಾಯಿ ಸುಲಿಯುತ್ತಾ. ಕುಣಿಗಲ್ ಕಡೆಯ ಹೆಣ್ಣು. ನಗಿಸಿ ತಾನು ಮಾತ್ರ ನಗದ ಜಾತಿ.

ಅವನಿಗೆ ನಗು ಬರಲಿಲ್ಲ. ಕಾಯಂ ಮಾಡಿಸುತ್ತೇನೆ ಎಂದ ಮೂವರು ಕಾರ್ಪೊರೇಟರುಗಳು ಅವನ ಕಣ್ಣ ಮುಂದೆಯೇ ಕೈ ಎತ್ತಿದ್ದರು, ಎರಡೂ ಕೈಗಳನ್ನು. ಮೇಯರುಗಳೋ ವರ್ಷಕ್ಕೊಬ್ಬರು. ಒಂದು ವರ್ಷ ಒಂದು ಮೀಸಲಾತಿ, ಮರುವರ್ಷ ಇನ್ನೊಂದು. ಕೆಂಪು ಗೌನು ಮಾತ್ರ ಅದೇ. ಎತ್ತರದವರಿಗೆ ಮೊಣಕಾಲಿಗೆ ನಿಲ್ಲುತ್ತದೆ, ಗಿಡ್ಡಗಿರುವವರಿಗೆ ನೆಲ ಗುಡಿಸುತ್ತದೆ. ಮೇಯರ್ ಹೂಂ ಎಂದರೂ ಕಮಿಷನರ್ ಸಹಿ ಬೇಕು, ಸಹಿ ಬಿದ್ದರೂ ಕೆಲವಕ್ಕೆ ಬೆಂಗಳೂರಿನ ಅಪ್ಪಣೆ ಬೇಕು. ಇಷ್ಟು ಕೈಗಳ ನಡುವೆ ತನ್ನ ಕೆಲಸ ಎಲ್ಲಿ ಜಾರಿ ಬೀಳುವುದೋ ಯಾರು ಬಲ್ಲರು?

ಅಂದು ಅವನು ನಕ್ಷೆಯಲ್ಲಿ ಹದಿನೇಳು ಗುರುತು ಹಾಕಿದ.

"ಹದಿನೆಂಟು ಅಂತಿದ್ದೆ ಯಾವಾಗ್ಲೂ?" ಎಂದಳು ಹೊಂಬಾಳಮ್ಮ.

"ಒಂದು ಇರ್ಲಿ. ಅವರ ಜುಟ್ಟು ನಮ್ಮ ಕೈಲಿರ್ಲಿ."

ಬಿಟ್ಟಿದ್ದು ಅರಳಿಕಟ್ಟೆಯ ಮುಂದಿನ ವಾಲ್ವು. ಮೇಲಿನ ಬೀದಿಗೆ ನೀರು ಹತ್ತಿಸುವುದು. ಜುಟ್ಟಿನ ಮಾತು ಅರ್ಧ ನಿಜ. ಉಳಿದರ್ಧವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ, ಗುಬ್ಬಿಗೆ ಕೊಟ್ಟ ಮಗಳ ಹರಕೆ ತೀರಿಸಲು ಯಡಿಯೂರಿಗೆ ಹೋಗುವ ಅವಸರದಲ್ಲಿ, ಆ ವಾಲ್ವನ್ನು ಅರ್ಧ ತಿರುವಿ, ರಜೆ ಹೇಳದೆ ಬಸ್ಸು ಹತ್ತಿದ್ದ. ಮರಳಿ ಬಂದಾಗ ಆ ರಸ್ತೆಗೆ ಟಾರು ಬಿದ್ದಿತ್ತು. ಗುಂಡಿಯ ಮುಚ್ಚಳ ಎಲ್ಲಿತ್ತೆಂದೇ ತಿಳಿಯದಷ್ಟು ನುಣುಪು. ಬಾಯಿ ಬಿಟ್ಟರೆ, "ಟಾರು ಹಾಕುವಾಗ ನೀನೆಲ್ಲಿದ್ದೆ?" ಎನ್ನುತ್ತಾರೆ. ಹಾಗಾಗಿ ವಾಲ್ವು ಅರ್ಧ ತೆರೆದುಕೊಂಡೇ ನೆಲದೊಳಗೆ ಉಳಿಯಿತು, ಅವನ ಬಾಯಿ ಪೂರ್ತಿ ಮುಚ್ಚಿಕೊಂಡಿತು.

ಸಭೆಯ ದಿನ ಇಸ್ತ್ರಿ ಅಂಗಿ ತೊಟ್ಟು ಹೋಗಿ, ಹಿಂದಿನ ಗ್ಯಾಲರಿಯ ಬೆಂಚಿನಲ್ಲಿ ಕುಳಿತ. ಗ್ಯಾಲರಿಯಲ್ಲಿ ಕುಳಿತವರು ಮಾತಾಡುವಂತಿಲ್ಲ ಎಂದು ಬಾಗಿಲಲ್ಲೇ ದಫೇದಾರ ಎಚ್ಚರಿಸಿದ್ದ. ಮೇಲೆ ವೇದಿಕೆಯಲ್ಲಿ ಈ ವರ್ಷದ ಮೇಯರಮ್ಮ. ಗೌನು ಅವರಿಗೆ ಸ್ವಲ್ಪ ಉದ್ದವೇ ಆಗಿತ್ತು. ಪಕ್ಕದಲ್ಲಿ ಕಮಿಷನರ್. ಪರಿಷತ್ ಕಾರ್ಯದರ್ಶಿ ಹಿಂದಿನ ಸಭೆಯ ನಡಾವಳಿ ಓದತೊಡಗಿದಾಗ ಬೋಂಡ, ಕಾಫಿ ಬಂದವು. ಓದು ಒಂದು ಕಡೆ, ಬೋಂಡ ಒಂದು ಕಡೆ. ಒಂದೊಂದು ವಿಷಯಕ್ಕೂ "ಒಪ್ಪಿದೆ, ಒಪ್ಪಿದೆ" ಎನ್ನುವುದು ಕೇಳಿ ರಾಮಾಂಜಿನಯ್ಯ ಬೆಂಚಿನ ಅಂಚಿಗೆ ಸರಿದ. ಇಷ್ಟು ಸಲೀಸಾಗಿ ಒಪ್ಪುವವರು ತನ್ನನ್ನು ಕಳಿಸುವುದಕ್ಕೂ ಹೀಗೆಯೇ ಬೋಂಡ ಮುರಿಯುತ್ತಾ ಒಪ್ಪಿಬಿಟ್ಟರೆ?

ಹನ್ನೊಂದನೆಯ ವಿಷಯಕ್ಕೆ ಮೋಹನ್‌ಕುಮಾರ್ ಎದ್ದು ನಿಂತ. ಕೈಯಲ್ಲಿ ಅದೇ ನಕ್ಷೆ.

"ಮಾನ್ಯ ಮೇಯರ್ ಅವರೇ, ಇದು ಎಂಜಿನಿಯರ್ ಬರೆದದ್ದಲ್ಲ. ಒಬ್ಬ ನೀರುಗಂಟಿ ತಲೇಲಿದ್ದದ್ದು. ಮೂರು ಬೀದಿ, ಹದಿನೇಳು ವಾಲ್ವು. ಏಜೆನ್ಸಿಯೋರ ಹತ್ರ ಇದರಲ್ಲಿ ಒಂದಾದ್ರೂ ಗುರುತು ಐತಾ ಕೇಳಿ. ಇಂಥೋರನ್ನ ಕಳ್ಸಿ ಫೋನಲ್ಲಿ ನೀರು ಬಿಡ್ತೀರಾ?"

ರಾಮಾಂಜಿನಯ್ಯ ತನ್ನ ಕಿವಿಯನ್ನೇ ಶಂಕಿಸಿದ. ನಕ್ಷೆ ಕೇಳಿದ್ದು ತನ್ನನ್ನು ಉಳಿಸುವುದಕ್ಕೆ!

ಆಗ ಮೇಲಿನ ಬೀದಿಯ ಕಾರ್ಪೊರೇಟರ್ ಗುರುಸಿದ್ದಯ್ಯ ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದ. "ಅಲ್ಲ ಮೋಹನಣ್ಣ, ನಮ್ಮ ಬೀದಿಗೆ ಇದರಲ್ಲಿ ವಾಲ್ವೇ ಇಲ್ವಲ್ಲ? ನಿಮ್ಮ ನೀರುಗಂಟಿ ಏನು, ಮಂತ್ರ ಹಾಕಿ ನೀರು ಹತ್ತಿಸ್ತಾನಾ? ಅದಕ್ಕೇ ಎರಡು ವರ್ಷದಿಂದ ಮಂತ್ರಿಸಿದ ತೀರ್ಥದಷ್ಟೇ ಬರ್ತಾ ಐತೆ!"

ಸಭೆ ಘೊಳ್ಳೆಂದಿತು. ಮೋಹನ್‌ಕುಮಾರ್ ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಗೋಡೆ ಬದಿಯಲ್ಲಿ ನಿಂತಿದ್ದ ವಾದಿರಾಜ ಗ್ಯಾಲರಿಯತ್ತ ನೋಡಿದ. ಆ ನೋಟ ತಡೆಯಲಾಗದೆ, ಮಾತಾಡುವಂತಿಲ್ಲ ಎಂಬುದೂ ನೆನಪಿದ್ದು, ರಾಮಾಂಜಿನಯ್ಯ ಇಸ್ಕೂಲು ಹುಡುಗನಂತೆ ಬಲಗೈ ಮೇಲೆತ್ತಿದ. ಯಾರಾದರೂ ನೋಡಿ ಏನಪ್ಪಾ ಎಂದು ಕೇಳಲಿ, ಹೇಳಿಬಿಡುತ್ತೇನೆ.

ಅದೇ ಗಳಿಗೆಯಲ್ಲಿ ಮೇಯರಮ್ಮ, "ಚರ್ಚೆ ಸಾಕು. ಏಜೆನ್ಸಿಗೆ ಕೊಡಬೇಕು ಅನ್ನೋರು ಕೈ ಎತ್ತಿ," ಎಂದರು.

ಕೈಗಳು ಎದ್ದವು. ಕಾರ್ಯದರ್ಶಿ ಪೆನ್ನಿನ ತುದಿಯಲ್ಲಿ ಎಣಿಸಿ, "ಹದಿನೈದು," ಎಂದ.

"ಅದೆಂಗೆ?" ಮೋಹನ್‌ಕುಮಾರ್ ಗುಡುಗಿದ. "ಆ ಕಡೆ ಹದಿನಾಲ್ಕೇ ಜನ. ನಾವು ಎಣಿಸ್ಕೊಂಡೇ ಬಂದಿದೀವಿ!"

ಒಂದು ನಿಮಿಷ ಸಭಾಂಗಣದಲ್ಲಿ ಪ್ರತಿಯೊಬ್ಬರೂ ಪಕ್ಕದವರ ಕೈ ನೋಡಿದರು. ಯಾರು ಆ ಕಡೆ ಹಾರಿದ್ದು? ಎಷ್ಟೋ ವರ್ಷದ ಗೆಳೆಯರ ಮುಖದ ಮೇಲೂ ಗುಮಾನಿಯ ನೆರಳು ಹಾದುಹೋಯಿತು. ಕೊನೆಗೆ ದಫೇದಾರನೇ ಕೂಗಿದ: "ಏಯ್, ಇಳ್ಸಯ್ಯಾ ಕೈಯ! ನೀನ್ಯಾವ ವಾರ್ಡಿನ ಕಾರ್ಪೊರೇಟರು?"

ಎಲ್ಲರೂ ಹಿಂದಕ್ಕೆ ತಿರುಗಿದರು. ನಗು ಇಳಿಯಲು ಹೊತ್ತು ಹಿಡಿಯಿತು.

"ಯಾರಪ್ಪಾ ನೀವು?" ಎಂದರು ಮೇಯರಮ್ಮ.

"ನೀರುಗಂಟಿ ತಾಯಿ. ಒಂದು ವಾಲ್ವು ಬರ್ದಿಲ್ಲ. ಅರಳಿಕಟ್ಟೆ ಮುಂದೆ, ಟಾರಿನಡಿ ಐತೆ. ನಂಗೆ ಗೊತ್ತಿತ್ತು, ಹೇಳ್ಲಿಲ್ಲ."

ಮೇಯರಮ್ಮ ಗೌನಿನ ತೋಳು ಸರಿಪಡಿಸಿಕೊಂಡರು. "ಗ್ಯಾಲರಿ ಮಾತು ನಡಾವಳಿಗೆ ಹೋಗಂಗಿಲ್ಲ. ಆದ್ರೆ ನಮ್ಮ ಕಿವಿಗೆ ಹೋಯ್ತಲ್ಲ. ನಕ್ಷೆ ಸರಿಯಾಗ್ಲಿ, ಆಮೇಲೆ ಕೈ ಎಣಿಸೋಣ. ವಿಷಯ ಮುಂದಿನ ಸಭೆಗೆ."

ಹೊರಗೆ ಮೆಟ್ಟಿಲ ಮೇಲೆ ಮೋಹನ್‌ಕುಮಾರ್ ಕಾಯುತ್ತಿದ್ದ. "ಏನಯ್ಯಾ, ನಿನ್ ಪರ ನಾನು ಕೈ ಎತ್ತೋಕೆ ಮುಂಚೆ, ನಿನ್ ವಿರುದ್ಧ ನೀನೇ ಎತ್ತುಬುಟ್ಯಲ್ಲ! ನಮ್ ಕಡೆಯೋರೇ ಜಾಸ್ತಿ ಇದ್ರು, ಇವತ್ತೇ ಗೆದ್ದು ಹೋಗ್ತಿತ್ತು ಕಣೋ."

ರಾಮಾಂಜಿನಯ್ಯ ಪಕ್ಕದಲ್ಲೇ ನಿಂತಿದ್ದ ವಾದಿರಾಜನ ಕಡೆ ತಿರುಗಿ, "ನಕ್ಷೆ ಯಾಕೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಸಾರ್?" ಎಂದ.

"ಹೇಳಿದ್ರೆ ನೀವು ನಂಬ್ತಿದ್ರಾ?"

ಅವನು ಮೆಟ್ಟಿಲಿಳಿದು ಮನೆಯ ದಾರಿ ಹಿಡಿದ.

ಮರುದಿನ ಅರಳಿಕಟ್ಟೆಯ ಮುಂದೆ ಹಾರೆಯಿಂದ ಟಾರು ಒಡೆದರು. ಅವನು ಬೆರಳಿಟ್ಟು ತೋರಿಸಿದ ಕಡೆಯೇ, ಗೇಣಷ್ಟು ಆಳದಲ್ಲಿ ಮುಚ್ಚಳ ಸಿಕ್ಕಿತು. ಎರಡು ವರ್ಷದ ತುಕ್ಕು. ಕೀ ಹಾಕಿ ತಿರುವಿದಾಗ ವಾಲ್ವು ಮೊದಲು ಮುನಿಸಿಕೊಂಡಿತು, ಆಮೇಲೆ ಮಣಿಯಿತು. ಮೇಲಿನ ಬೀದಿಯಲ್ಲಿ ಯಾರದೋ ಬಿಂದಿಗೆ ತುಂಬಿ ಹೊರಚೆಲ್ಲುವ ಸದ್ದು ಕೇಳಿಸಿತು. ಮೇಲಿಂದ ಒಂದು ಹೆಂಗಸಿನ ದನಿ: "ಇಷ್ಟು ದಿನ ಯಾರಿಗೆ ಬುಡ್ತಿದ್ದ ಇದನ್ನ?" ರಾಮಾಂಜಿನಯ್ಯ ತಲೆ ತಗ್ಗಿಸಿ ಇನ್ನೊಂದು ಸುತ್ತು ತಿರುವಿದ. ಟಾರು ಬಿದ್ದಾಗ ರಜೆ ಹೇಳದೆ ಹೋಗಿದ್ದನ್ನೂ ಅವನೇ ಬಾಯಿಬಿಟ್ಟ, ಅದಕ್ಕೆ ವಾದಿರಾಜ ಅವನಿಂದ ತಪ್ಪೊಪ್ಪಿಗೆ ಬರೆಸಿಕೊಂಡ.

ಮುಂದಿನ ಸಭೆಗೆ ಅವನು ಒಳಗೆ ಹೋಗಲಿಲ್ಲ. "ಬಂದ್ರೂ ಕೈ ಕಟ್ಕೊಂಡು ನಿಂತ್ಕೊ," ಎಂದು ಮೋಹನ್‌ಕುಮಾರ್ ಮೊದಲೇ ಹೇಳಿದ್ದ. ವರಾಂಡದಲ್ಲಿ ಕೈ ಕಟ್ಟಿಕೊಂಡೇ ನಿಂತ. ಮಧ್ಯಾಹ್ನ ಬಾಗಿಲು ತೆರೆಯಿತು. ಏಜೆನ್ಸಿಯ ಪ್ರಸ್ತಾಪ ಬಿದ್ದುಹೋಗಿತ್ತು. ನೀರುಗಂಟಿಗಳನ್ನು ಇನ್ನೊಂದು ವರ್ಷ ಮುಂದುವರಿಸಬೇಕೆಂದು ಠರಾವು ಆಗಿತ್ತು.

"ಎಲ್ರೂ ಕೈ ಎತ್ತಿದ್ರು ಕಣಯ್ಯ," ಎಂದ ಮೋಹನ್‌ಕುಮಾರ್.

"ಗುರುಸಿದ್ದಯ್ಯನೋರೂ?"

"ಅವರೇ ಮೊದ್ಲು."

ಮನೆಗೆ ಬಂದು ಹೊಂಬಾಳಮ್ಮನಿಗೆ ಸುದ್ದಿ ಹೇಳಿದ. ಅವಳು ಬೆಲ್ಲದ ಕಾಫಿ ಕೊಟ್ಟಳು. ಅರ್ಧ ಲೋಟ ಕುಡಿದವನು ಲೋಟ ಕೆಳಗಿಟ್ಟ.

"ಆ ಗುರುಸಿದ್ದಯ್ಯ ಯಾಕೆ ಎತ್ತಿದ?"

"ಅವನ ಬೀದೀಲಿ ನೀರು ಬರ್ತಾ ಐತೆ, ಎತ್ತಿದ. ಕುಡಿ, ಆರೋಗ್ತದೆ."

ಮರುದಿನ ಬೆಳಗ್ಗೆ ಐದಕ್ಕೆ ಕೀ ಹೆಗಲಿಗೇರಿಸಿ ಹೊಸಿಲು ದಾಟಿದವನು, ಏನೋ ನೆನಪಾದಂತೆ ನಿಂತ.

"ಆ ಗುರುಸಿದ್ದಯ್ಯ ಒಂದು ಕೈ ಎತ್ತಿದ್ನೋ, ಎರಡೂ ಎತ್ತಿದ್ನೋ, ಅದನ್ನ ಕೇಳ್ಲೇ ಇಲ್ಲ ಕಣೇ," ಎಂದ.