ಬಾನೆಟ್ಟಿಗೆ ಕತ್ತರಿ ಹಾಕಿದ್ದು ನಾನೇ

ಹುಣಸೂರಿನಲ್ಲಿ ನನ್ನ ವಾರಿಗೆಯವರು ಸಿಕ್ಕಾಗ ಈಗಲೂ ಒಮ್ಮೊಮ್ಮೆ ಆ ಕೆಂಪು ಕಾರಿನ ಮಾತು ಬರುತ್ತದೆ. ಎರಡೇ ಸೀಟಿನ, ಚಾವಣಿಯಿಲ್ಲದ, ಮೂಗುದ್ದದ ಕಾರು. ಬೆಳೆಯುವ ಹುಡುಗರೆಲ್ಲ ಅದರ ಹಿಂದೆ ಓಡುತ್ತಿದ್ದರಂತೆ. ಅದರ ಬಾನೆಟ್ಟಿನ ಮೇಲೆ ಮೀನಿನ ಕಿವಿರಿನಂತೆ ಆರು ಸೀಳುಗಳಿದ್ದವಲ್ಲ, ಆ ಗ್ಯಾರೇಜಿನವನದು ಎಂಥಾ ಕೈ ಎಂದು ಹೊಗಳುತ್ತಾರೆ. ನಾನು ಪೂರ್ತಿ ಕೇಳಿಸಿಕೊಂಡು, ಅದನ್ನು ಕತ್ತರಿಸಿದವಳು ನಾನು ಅನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ, ನನ್ನ ಗಂಟೇನೂ ಹೋಗುವುದಿಲ್ಲ.

ನಮ್ಮದು ತಗಡಿನ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆಗಳಿಗೆ, ಅಂದರೆ ಬ್ಯಾರನ್‌ಗಳಿಗೆ ಬೇಕಾದ ದೊಡ್ಡ ಕೊಳವೆಗಳನ್ನು ಅಪ್ಪ ಮಾಡುತ್ತಿದ್ದರು. ಹೊರಗಿನ ಒಲೆಯಲ್ಲಿ ಸೌದೆ ಉರಿದರೆ ಆ ಬಿಸಿ ಕೊಳವೆಯೊಳಗೆ ಹಾದು ಬ್ಯಾರನ್ನನ್ನು ಕಾಯಿಸಬೇಕು. ಮೇಲೆ ಕಡ್ಡಿಗಳಲ್ಲಿ ಕಟ್ಟಿ ತೂಗುಬಿಟ್ಟ ಸೊಪ್ಪು ಹದವಾಗಿ ಹಳದಿಯಾಗಬೇಕು. ಕೊಳವೆಯ ಒಂದು ಸಂದು ಬಿಟ್ಟುಕೊಂಡರೂ ಕಿಡಿ ಹಾರಿ ಇಡೀ ಬ್ಯಾರನ್ ಹತ್ತಿ ಉರಿಯುತ್ತದೆ. ಅಮ್ಮ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರಿಂದ ನಾನು ಆಡಿದ್ದು, ಬೆಳೆದದ್ದು, ಬೈಸಿಕೊಂಡದ್ದು ಎಲ್ಲವೂ ಆ ಅಂಗಡಿಯಲ್ಲೇ. ಹದಿನೈದಕ್ಕೆ ಕೊಳವೆ ತಿರುಗುವ ಕಡೆಯ ಮೊಣಕೈ ಮಡಿಸಲು ಬರುತ್ತಿತ್ತು. ಇಪ್ಪತ್ತಕ್ಕೆ ನಾನು ಬೆಸೆದ ಕೊಳವೆಯಲ್ಲಿ ನೀರು ತುಂಬಿಸಿಟ್ಟರೂ ಸಂದಿನಿಂದ ಒಂದು ಹನಿ ಜಿನುಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನಗೆ ಇಪ್ಪತ್ತೆರಡು. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆ ದಪ್ಪವಾಯಿತು. ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದರೆ ಸಂಜೆಯವರೆಗೆ ಕೂತಿರುತ್ತಿದ್ದರು. ಕೆಲಸ ನಾನು ಮಾಡಿದೆ. ಆದರೆ ಆ ವರ್ಷ ರೈತರು ಅಂಗಡಿಯ ಮುಂದೆಯೇ ಗಾಡಿ ಹೊಡೆದುಕೊಂಡು ಪಿರಿಯಾಪಟ್ಟಣದ ಅಂಗಡಿಗೆ ಹೋದರು. ಹೆಣ್ಣುಮಗಳು ಬೆಸೆದ ಕೊಳವೆಗೆ ಬ್ಯಾರನ್ ಒಪ್ಪಿಸಲು ಅವರಿಗೆ ಧೈರ್ಯವಿರಲಿಲ್ಲ. ಅಪ್ಪನ ಹೆಸರಿನಲ್ಲಿ ಅವರು ಹಿಂದಿನ ಎರಡು ವರ್ಷ ಕೊಂಡೊಯ್ದ ಕೊಳವೆಗಳಲ್ಲಿ ಅರ್ಧ ನನ್ನವೇ ಎಂಬುದು ಅವರಿಗೇನು ಗೊತ್ತು.

ಬೆಟ್ಟದಪುರದಲ್ಲಿ ಬೇಸಾಯ ಮಾಡಿಕೊಂಡಿದ್ದ ಚಿಕ್ಕಪ್ಪ ಸಂಕ್ರಾಂತಿಗೆ ಬಂದವರು ತೀರ್ಮಾನ ಹೇಳಿಬಿಟ್ಟರು.

"ಯುಗಾದಿಗೆ ಅಂಗ್ಡಿ ನನ್ ಬಾಮೈದುಂಗೆ ಬುಟ್ಕೊಡಣ ಕಣಣ್ಣಯ್ಯ. ಇವುಳ್ಗೆ ಒಂದ್ ಗಂಡು ನೋಡಿವ್ನಿ. ಯೆಂಗ್ಸು ಸುತ್ಗೆ ಇಡ್ದಿರೋ ಅಂಗ್ಡಿಗೆ ಯಾವ್ ಗಂಡ್ಸು ಬತ್ತಾನೆ?"

ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದರು. ನಾನು, "ಚಿಕ್ಕಪ್ಪ, ಅಂಗ್ಡಿ ನಾನ್ ಬುಡಕಿಲ್ಲ" ಎಂದೆ. ಮೈಯೆಲ್ಲ ಉರಿಯುತ್ತಿತ್ತು. ಅವರು, "ಯುಗಾದಿ ಒಳ್ಗೆ ಊರು ಮೆಚ್ಚೋ ಅಂತ ಒಂದ್ ಕೆಲ್ಸ ನಿನ್ ಕೈಲಿ ಆದ್ರೆ ಆಗ ಮಾತಾಡು" ಎಂದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಟುಹೋದರು. ಅಲ್ಲಿಗೆ ನನಗಿದ್ದದ್ದು ಎರಡು ತಿಂಗಳು ಚಿಲ್ಲರೆ.

ಪಕ್ಕದಲ್ಲೇ, ಊರವರೆಲ್ಲ ಮೆಕ್ಯಾನಿಕ್ ಅಣ್ಣ ಎನ್ನುತ್ತಿದ್ದವನ ಗ್ಯಾರೇಜು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ, ಮೂರು ಮಕ್ಕಳ ತಂದೆ. ರೇಡಿಯೇಟರ್ ಸೋರಿದರೆ ಬೆಸುಗೆಗೆ ನನ್ನನ್ನೇ ಕರೆಯುತ್ತಿದ್ದ. ಆ ಕೆಂಪು ಕಾರು ಬಂದದ್ದು ಅವನ ಬಳಿಗೆ. ಕೊಡಗಿನ ಕಾಫಿ ತೋಟದ ಯಜಮಾನರೊಬ್ಬರು ಊರು ಬಿಟ್ಟುಹೋದ ಇಂಗ್ಲಿಷಿನವನಿಂದ ಕೊಂಡದ್ದಂತೆ. ಕುಶಾಲನಗರದಿಂದ ಮಡಿಕೇರಿಗೆ ಎಲ್ಲೂ ನಿಲ್ಲಿಸದೆ ಭರ್ತಿ ವೇಗದಲ್ಲಿ ಹತ್ತಿ ತೋರಿಸುತ್ತೇನೆಂದು ಗೆಳೆಯರೆದುರು ಹೇಳಿಬಿಟ್ಟಿದ್ದರು. ಅಣ್ಣ ಎಂಜಿನ್ನಿಗೆ ಬಲ ಹೆಚ್ಚಿಸಿದ. ಎಣ್ಣೆ ಸುಡಬಾರದೆಂದು ಮಿಲಿಟರಿ ಹರಾಜಿನ ಒಂದು ಆಯಿಲ್ ಕೂಲರ್ ತಂದು ಕಾರಿನ ಮೂಗಿನಲ್ಲಿ, ರೇಡಿಯೇಟರಿನ ಮುಂದೆ ಕೂರಿಸಿದ. ಎಣ್ಣೆಯೇನೋ ತಣ್ಣಗಾಯಿತು. ಆದರೆ ಎಣ್ಣೆ ಬಿಟ್ಟ ಬಿಸಿಯೆಲ್ಲ ಹಿಂದಿನ ರೇಡಿಯೇಟರಿಗೆ ಬಡಿದು, ಅಲ್ಲಿಂದ ಎಂಜಿನ್ ಗೂಡು ಸೇರಿ ಅಲ್ಲೇ ಕೂರುತ್ತಿತ್ತು. ಏರು ಶುರುವಾದ ಮೂರನೇ ತಿರುವಿಗೇ ನೀರು ಕುದಿದು ಹಬೆ ಏಳುತ್ತಿತ್ತು.

ಅಣ್ಣ ಮೂಗಿನ ಬಾಯಿಯನ್ನು ಅಗಲ ಮಾಡಿದ. ಕುದಿಯಿತು. ಇನ್ನೂ ಅಗಲ ಮಾಡಿದ. ಆಗಲೂ ಕುದಿಯಿತು. ಬೆಸುಗೆಗೆ ಹೋದ ನಾನು ನೋಡಿ ನೋಡಿ ತಡೆಯಲಾರದೆ ಹೇಳಿದೆ:

"ಅಣ್ಣ, ಗಾಳಿನ ಒಳೀಕೆ ಎಷ್ಟ್ ಬುಟ್ರೂ ಅಷ್ಟೇಯ. ಆಚ್ಗೆ ಓಗಕ್ಕೆ ದಾರಿ ಎಲ್ಲದೆ? ಬ್ಯಾರನ್‌ಗೆ ಮೇಲ್ಗಡೆ ಕಿಂಡಿ ಮುಚ್ಬುಟ್ರೆ ಸೊಪ್ಪು ಬೆಂದ್ ಮುದ್ದೆಯಾಯ್ತದೆ ಕಣಣ್ಣ, ಕೆಳ್ಗಡೆ ಎಷ್ಟ್ ಕಿಂಡಿ ತಗುದ್ರೂನೂವೆ."

ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ, "ಕತ್ತರ್ಸು. ಆದ್ರೆ ನೀನ್ ಮಾಡಿದ್ದು ಅಂತ ಯಜಮಾನ್ರಿಗೆ ಗೊತ್ತಾಗ್ಬಾರ್ದು" ಎಂದ. ನಾನು ಒಪ್ಪಿದೆ. ಗೋಣಿಚೀಲದ ಪರದೆ ಎಳೆದುಕೊಂಡು ಗ್ಯಾರೇಜಿನ ಹಿಂದೆ ಕೂತು ಕೆಲಸ ಮಾಡಿದೆ. ಆ ಒಪ್ಪಿಗೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಮೊದಲ ಸಲ ನಾನು ಕತ್ತರಿಸಿದ್ದು ತಪ್ಪು ಜಾಗದಲ್ಲಿ. ಬ್ಯಾರನ್ ಬಲ್ಲವರು ಯಾರೇ ಆದರೂ ಅಲ್ಲೇ ಕತ್ತರಿಸುತ್ತಿದ್ದರು. ಬಿಸಿ ಮೇಲಕ್ಕೇರುತ್ತದೆ, ಕಿಂಡಿ ಇರಬೇಕಾದದ್ದು ಎಲ್ಲಕ್ಕಿಂತ ಎತ್ತರದಲ್ಲಿ ಎಂದು ನಮಗೆ ಕಣ್ಣು ಬಿಟ್ಟಾಗಿನಿಂದ ಗೊತ್ತು. ಬಾನೆಟ್ಟಿನಲ್ಲಿ ಎಲ್ಲಕ್ಕಿಂತ ಎತ್ತರ ಹಿಂಭಾಗ, ಮುಂದಿನ ಗಾಜಿನ ಬುಡ. ಅಲ್ಲಿ ಎರಡು ಉದ್ದನೆಯ ಸೀಳು ತೆಗೆದೆ. ನಿಂತ ಕಾರಿನಲ್ಲಿ ಎಂಜಿನ್ ಓಡಿಸಿದಾಗ ಬಿಸಿಗಾಳಿ ಸೊಗಸಾಗಿ ಹೊರಗೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಯಜಮಾನರು ಕಾರು ತೆಗೆದುಕೊಂಡು ಹೋದವರು ಮರುದಿನವೇ ಹಬೆಯಾಡಿಸುತ್ತಾ ವಾಪಸು ಬಂದರು. ಮೊದಲು ಮೂರನೇ ತಿರುವಿಗೆ ಕುದಿಯುತ್ತಿದ್ದದ್ದು ಈಗ ಏರು ಸಿಗುವ ಮೊದಲೇ ಕುದಿಯುತ್ತಿತ್ತು.

ಅವರು ಬಸ್ಸು ಹಿಡಿದು ಊರಿಗೆ ಹೋದ ಮೇಲೆ ಅಣ್ಣ ನನ್ನ ಮೇಲೆ ಹರಿಹಾಯ್ದ. "ನನ್ ಮಾನ ತಗುದ್ಬುಟ್ಯಲ್ಲಮ್ಮಿ!" ಅಂದ. ಬಾನೆಟ್ಟಿಗೆ ತೂತು ಹಾಕಿ ಹಾಳು ಮಾಡಿದರಂತೆ ಎಂಬ ಸುದ್ದಿ ಬೆಟ್ಟದಪುರವನ್ನೂ ಮುಟ್ಟಿತು. ಗ್ಯಾರೇಜಿನ ತಗಡಿನ ಕೆಲಸವೆಲ್ಲ ನನ್ನದೇ ಎಂದು ಬಲ್ಲ ಚಿಕ್ಕಪ್ಪ, ಯುಗಾದಿಯ ಹಿಂದಿನ ದಿನವೇ ಬಾಮೈದನನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿಕಳಿಸಿದರು.

ನಾನು ಅತ್ತೆ. ಅತ್ತು ಮುಗಿದ ಮೇಲೆ ಯೋಚಿಸಿದೆ. ನಿಂತಾಗ ಸರಿಯಿದ್ದದ್ದು ಓಡುವಾಗ ಯಾಕೆ ಕೆಡುತ್ತದೆ? ಬ್ಯಾರನ್ ಓಡುವುದಿಲ್ಲ, ಕಾರು ಓಡುತ್ತದೆ. ಓಡುವಾಗ ಗಾಳಿ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಕಣ್ಣಿಂದ ನೋಡಬೇಕಿತ್ತು. ಹೊಗೆಸೊಪ್ಪು ಕಟ್ಟುವ ದಾರದ ಉಂಡೆ ತಂದು ಗೇಣುದ್ದದ ತುಂಡುಗಳನ್ನು ಮಾಡಿದೆ. ಪ್ರತಿಯೊಂದರ ಒಂದು ತುದಿಯನ್ನಷ್ಟೇ ಮೈದಾ ಅಂಟಿನಿಂದ ಬಾನೆಟ್ಟಿನ ತುಂಬಾ ಸಾಲುಸಾಲಾಗಿ ಅಂಟಿಸಿದೆ. ಆ ಎರಡು ಸೀಳುಗಳ ಅಂಚಿಗೂ ಅಂಟಿಸಿದೆ.

"ನೀನ್ ಓಡ್ಸು, ನಾನ್ ಪಕ್ದಲ್ ಕುಂತ್ಕಂಡ್ ನೋಡ್ತೀನಿ" ಎಂದೆ.

ಅಣ್ಣ ಗಾಬರಿಯಾದ. "ತಲೆ ಕೆಟ್ಟದಾ ನಿಂಗೆ? ತೆರೆದ್ ಕಾರು! ಊರ್ ಜನ ಏನಂದಾರು?"

"ಅಂದ್ಕಳ್ಳಿ. ಅವ್ರಂದ್ರೆ ನೀರ್ ಕುದಿಯದ್ ನಿಲ್ತದಾ?"

ಮಟಮಟ ಮಧ್ಯಾಹ್ನ, ಸಂತೆಯ ದಿನ ಬೇರೆ. ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತೆ. ಬಸ್ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರು. ಯಾರೋ ಶಿಳ್ಳೆ ಹಾಕಿದ. ನಾನು ತಿರುಗಿ ಅವನನ್ನೇ ದಿಟ್ಟಿಸಿದೆ, ಶಿಳ್ಳೆ ನಿಂತಿತು. ಅಣ್ಣನ ಕಿವಿ ಮಾತ್ರ ಕಾರಿಗಿಂತ ಕೆಂಪಾಗಿತ್ತು.

ಗಾವಡಗೆರೆ ರಸ್ತೆಯ ನೇರದಲ್ಲಿ ಅಣ್ಣ ಆಕ್ಸಿಲರೇಟರ್ ಒತ್ತಿದ. ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ರೆಪ್ಪೆ ಮುಚ್ಚಲಿಲ್ಲ. ಗಾಜಿನ ಬುಡದ ಸೀಳಿಗೆ ಅಂಟಿಸಿದ್ದ ದಾರಗಳು ಹೊರಗೆ ಹಾರುವ ಬದಲು ಒಂದೊಂದಾಗಿ ಸೀಳಿನ ಒಳಕ್ಕೆ ನುಸುಳಿದವು! ಎದುರಿನ ಗಾಳಿ ಗಾಜಿಗೆ ಬಡಿದು ಅಲ್ಲೇ ಒತ್ತಿ ನಿಂತು, ನಾನು ಕೊಯ್ದಿದ್ದ ದಾರಿಯಲ್ಲೇ ಗೂಡಿನೊಳಕ್ಕೆ ಇಳಿಯುತ್ತಿತ್ತು. ಹೊರಗೆ ಹೋಗಬೇಕಾದ ಬಿಸಿಯನ್ನು ನಾನೇ ಒಳಕ್ಕೆ ದಬ್ಬಿದ್ದೆ. ಮುಂದೆ, ಮೂಗು ಬಾಗಿ ಬಾನೆಟ್ಟು ಶುರುವಾಗುವ ಕಡೆ, ರೇಡಿಯೇಟರಿನ ಹಿಂದಕ್ಕೆ ಒಂದು ಗೇಣು ಜಾಗದಲ್ಲಿ ದಾರಗಳು ತಗಡು ಬಿಟ್ಟು ಮೇಲಕ್ಕೆದ್ದು ಜಗ್ಗುತ್ತಿದ್ದವು. ಅಲ್ಲಿ ಗಾಳಿ ಹೊರಕ್ಕೆ ಸೆಳೆಯುತ್ತಿತ್ತು. ಕಿಂಡಿ ಬೇಕಾದದ್ದು ಅಲ್ಲಿ, ಬಾನೆಟ್ಟಿನ ತಗ್ಗಿನಲ್ಲಿ. "ನಿಲ್ಸಣ್ಣ, ಸಿಕ್ತು!" ಎಂದು ನಾನು ಕೂಗಿದ್ದು ಹೊಲದಲ್ಲಿದ್ದವರಿಗೂ ಕೇಳಿಸಿರಬೇಕು.

ಮೂರು ದಿನ ಕೆಲಸ. ಹಿಂದಿನ ಸೀಳುಗಳಿಗೆ ತಗಡು ಹೊದಿಸಿ ಬೆಸೆದೆ. ಮುಂದೆ ಉಳಿಯಿಂದ ಆರು ಸೀಳು ಕೊಯ್ದು, ಮರದ ಕೊಡತಿಯಲ್ಲಿ ಒಳಗಿನಿಂದ ಬಡಿದು ಅಂಚು ಎಬ್ಬಿಸಿ, ಬಾಯಿ ಹಿಂದಕ್ಕೆ ತೆರೆಯುವಂತೆ ಮಾಡಿದೆ. ಒಳಗೆ ಬ್ಯಾರನ್ ಕೊಳವೆಯ ಮೊಣಕೈಯಂತೆ ಒಂದು ಓರೆ ತಗಡು ಕೂರಿಸಿದೆ. ರೇಡಿಯೇಟರ್ ದಾಟಿದ ಬಿಸಿ ಎಂಜಿನ್ ಮೇಲೆ ಹರಡದೆ ಅದನ್ನೇರಿ ನೇರ ಸೀಳಿಗೆ ಹೋಗಬೇಕು. ಯಜಮಾನರು ಬಂದು ಕಾರು ಒಯ್ದರು. ಆ ವಾರದ ಕೊನೆಗೆ ಮಡಿಕೇರಿವರೆಗೂ ಒಂದೇ ಉಸಿರಿಗೆ ಹತ್ತಿದರು. ನೀರು ಕುದಿಯಲಿಲ್ಲ, ಎಣ್ಣೆ ಸುಡಲಿಲ್ಲ. ಹಾರ ತಂದು ಮೆಕ್ಯಾನಿಕ್ ಅಣ್ಣನ ಕೊರಳಿಗೆ ಹಾಕಿದರು. ಪಕ್ಕದ ಅಂಗಡಿಯಲ್ಲಿ ನಿಂತು ನಾನು ನೋಡಿದೆ. ಅಣ್ಣ ನನ್ನ ಕಡೆ ತಿರುಗಲಿಲ್ಲ.

ಕೆಲಸ ನನ್ನದೆಂದು ಯಾಕೆ ಹೇಳಲಿಲ್ಲ ಎಂದು ಆಮೇಲೆ ಹೋಗಿ ಕೇಳಿದೆ. "ಯೆಣ್ಣು ಕತ್ತರ್ಸಿದ್ದು ಅಂದ್ರೆ ಅವ್ರು ಇನ್ನೊಂದ್ ಸಲ ನನ್ ಗ್ಯಾರೇಜ್ ತಾವ ಬತ್ತಾರಾ? ನೀನೇ ಯೋಳು" ಎಂದ. ಕೆಟ್ಟವನಲ್ಲ, ಪುಕ್ಕಲ. ನನಗೆ ಆಗ ಎರಡಕ್ಕೂ ವ್ಯತ್ಯಾಸ ಕಾಣಿಸಲಿಲ್ಲ.

ಯುಗಾದಿಗೆ ನಾಲ್ಕು ದಿನವಿದ್ದಾಗ ಯಜಮಾನರು ತಮ್ಮ ಗೆಳೆಯರ ಕಾರನ್ನು ಓಡಿಸಿಕೊಂಡು ಬಂದರು. ಅದಕ್ಕೂ ಅಂಥದ್ದೇ ಸೀಳು ಬೇಕು, ಬೇರೆ ಮಾದರಿಯ ಕಾರು, ಬೇರೆ ಆಕಾರದ ಮೂಗು. ಅಣ್ಣ ಪರದೆ ಇಳಿಬಿಟ್ಟು, ಹಿಂಬಾಗಿಲಿನಿಂದ ಬಂದು ನನ್ನನ್ನು ಕರೆದ.

"ಬರಕಿಲ್ಲ" ಎಂದೆ. "ಕಾರು ನಮ್ ಅಂಗ್ಡಿ ಮುಂದ್ಕೆ ಬರ್ಲಿ. ಬೀದೀಲಿ, ಎಲ್ರ ಎದ್ರುಗೆ ಕತ್ತರುಸ್ತೀನಿ. ಇಲ್ಲಾಂದ್ರೆ ನೀನೇ ಕತ್ತರುಸ್ಕೊ."

ಎರಡು ದಿನ ಅವನು ಬಾನೆಟ್ಟಿನ ಸುತ್ತ ಸುತ್ತಿದ. ಸುಣ್ಣದಲ್ಲಿ ಗೆರೆ ಎಳೆದ, ಅಳಿಸಿದ. ಕತ್ತರಿಸಿ ಕೆಡಿಸುವ ಧೈರ್ಯ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಾರನ್ನು ತಳ್ಳಿಸಿಕೊಂಡು ಬಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದ. ಕಾರು ಒಯ್ಯಲು ಬಂದಿದ್ದ ಯಜಮಾನರೂ ಜೊತೆಯಲ್ಲಿದ್ದರು. ಅದೇ ಹೊತ್ತಿಗೆ ಬೆಟ್ಟದಪುರದ ಕಡೆಯಿಂದ ಬಸ್ಸಿಳಿದು ಚಿಕ್ಕಪ್ಪ ಬಂದರು, ಹಿಂದೆ ಬಾಮೈದ.

"ಕೆಲಸ ಮಾಡುದು ಯಾರು?" ಎಂದು ಯಜಮಾನರು ಕೇಳಿದರು.

ಅಣ್ಣ ನೆಲ ನೋಡುತ್ತಾ ಹೇಳಿಯೇಬಿಟ್ಟ: "ಇವ್ಳೇ ಸ್ವಾಮಿ. ಮೊದುಲ್ನೇದೂ ಇವ್ಳೇ ಮಾಡಿದ್ದು. ನಂದೇನಿಲ್ಲ."

ಯಜಮಾನರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀನು ಇದರಲ್ಲಿ ಎಲ್ಲಿ ಕತ್ತರಿಸ್ತೀಯ?"

"ಈಗ್ಲೇ ಗೊತ್ತಿಲ್ಲ. ದಾರ ಅಂಟುಸ್ಕೊಡ್ತೀನಿ, ಮೊದ್ಲು ನೀವು ಓಡ್ಸಿ, ಪಕ್ದಲ್ ಕುಂತು ನೋಡ್ಕಂಡು ಆಮೇಲ್ ಯೋಳ್ತೀನಿ."

ನಾನು ದಾರ ಅಂಟಿಸಿ ಮುಗಿಸಿದೊಡನೆ ಅವರೇ ನನಗೆ ಕಾರಿನ ಎಡಬಾಗಿಲು ತೆರೆದರು. ಹೋಗಿ ಬಂದೆವು. ಅಷ್ಟರಲ್ಲಿ ಬೀದಿಯ ತುಂಬಾ ಜನ. ನಾನು ಸುಣ್ಣದ ಗೆರೆ ಎಳೆದು ಉಳಿ ಕೈಗೆತ್ತಿಕೊಂಡಾಗ ಬಾನೆಟ್ಟಿನ ಮೇಲೆ ನೆರಳು ಬಿತ್ತು.

"ಚಿಕ್ಕಪ್ಪ, ಒಸಿ ಅತ್ಲಾಗ್ ನಿಂತ್ಕಳಿ. ಬೆಳ್ಕಿಗ್ ಅಡ್ಡ ಬತ್ತಾ ಇದ್ದೀರ."

ಅವರು ಸರಿಯಲಿಲ್ಲ. ಸ್ಟೂಲಿನ ಮೇಲಿದ್ದ ಅಪ್ಪನತ್ತ ತಿರುಗಿ, "ಅಣ್ಣಯ್ಯ, ನೋಡ್ತಾ ಕುಂತಿದ್ದೀಯಲ್ಲ! ನಿಲ್ಸು ಅಂತ ಯೋಳು ಇವುಳ್ಗೆ" ಎಂದು ಗದರಿದರು.

ಅಪ್ಪ ಎಡಗೈಯಿಂದ ಗೋಡೆ ಹಿಡಿದು ಎದ್ದು ನಿಂತರು. ಬಾಯಿ ಸೊಟ್ಟಗಾಯಿತು, ಮಾತು ಹೊರಡುವುದಕ್ಕೆ ಹೊತ್ತು ಹಿಡಿಯಿತು.

"ಮೇಸ್ತ್ರಿ ಕೆಲ್ಸದಲ್ಲವ್ರೆ" ಎಂದರು ಅಪ್ಪ, ತಮ್ಮನಿಗೆ. "ಮಾತಾಡುಸ್ಬ್ಯಾಡ."